ಒಂದೇ ಬೀಜ, ಎರಡು ಎದೆ

ಕಂಬಳಿ ಮಾರುವವರ ಸಾಲಿನ ಹಿಂದೆ ಯಾರೋ ಹುಣಸೆ ಬೀಜ ಹುರಿಯುತ್ತಿದ್ದರು. ಚಳ್ಳಕೆರೆ ಸಂತೆಯಲ್ಲಿ ಮೂಗಿಗೆ ಬಡಿಯುವ ವಾಸನೆಗಳಿಗೇನು ಬರವಿಲ್ಲ. ಆದರೂ ನನ್ನ ಎದೆ ಅದೊಂದನ್ನೇ ಆರಿಸಿಕೊಂಡಿತು. ಗಂಟಲ ಕೆಳಗೆ ಹಗ್ಗ ಬಿಗಿದಂತಾಗಿ ಯಾರದೋ ಕಾಳಿನ ಮೂಟೆಯ ಮೇಲೆ ಕುಳಿತುಬಿಟ್ಟೆ.

"ಯಾಕಜ್ಜಿ, ಕಾಲು ನೋವಾ?" ಎಂದ ಜೊತೆಗಿದ್ದ ಮೊಮ್ಮಗ.

"ಕಾಲು ನೆಟ್ಟಗೈತೆ. ಆ ಹೆಂಗಸಿಗೆ ಹೋಗಿ ಹೇಳು, ಬೀಜ ಹುರಿಯೋದಾದ್ರೆ ಹುರೀಲಿ, ಬಾಗಿಲು ಹಾಕ್ಕೊಂಡು ಮಾತ್ರ ಕುಟ್ಟಬ್ಯಾಡ ಅಂತ."

ಅವನು ಹೇಳಲಿಲ್ಲ. ಮುದುಕಿಗೆ ತಲೆ ಕೆಟ್ಟಿತು ಎಂಬಂತೆ ನೋಡಿ ಸೋಡಾ ತರಲು ಹೋದ. ಅವನಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಬಂದದ್ದು ನನ್ನಿವಾಳದಿಂದ ಆಚೆ ಒಂದು ಹಳ್ಳಿಗೆ, ಕಂಬಳಿ ನೇಯುವ ಮನೆಗೆ. ಊರೂರಲ್ಲಿ ಪ್ಲೇಗು ಇದ್ದ ಕಾಲ ಅದು. ಮನೆಯಲ್ಲೊಂದು ಸತ್ತ ಇಲಿ ಕಂಡರೆ ಸಾಕು, ಜನ ಪಾತ್ರೆಪಡಗ ಹೊತ್ತು ಹೊಲಗಳಿಗೆ ಓಡುತ್ತಿದ್ದರು. ನಮ್ಮ ಗಂಡಸರು ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ಉಣ್ಣೆ ಬಿಡಿಸುವುದು, ನೂಲುವುದು, ಗಂಜಿ ಮಾಡುವುದು ಹೆಂಗಸರ ಪಾಲು. ಗಂಜಿ ಎಂದರೆ ಕುಡಿಯುವ ಗಂಜಿಯಲ್ಲ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಒರಳಿಗೆ ಹಾಕಿ ಒನಕೆಯಲ್ಲಿ ನುಣ್ಣಗೆ ಕುಟ್ಟಿ, ಆ ಹಿಟ್ಟನ್ನು ನೀರಲ್ಲಿ ಕುದಿಸಿದರೆ ಬರುವ ಅಂಟು. ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ಹಾಸಿನ ನೂಲಿಗೆ ಅದನ್ನು ಬಳಿದರೆ ಉಣ್ಣೆಯ ದಾರ ಗಟ್ಟಿಯಾಗಿ ಮಗ್ಗಕ್ಕೆ ಒಗ್ಗುತ್ತದೆ.

ನಮ್ಮ ಮನೆಯಲ್ಲಿ ಬೀಜ ಕುಟ್ಟುವುದು ಒಳಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಗವಾಕ್ಷಿಗೆ ಗೋಣಿ ತುರುಕಿ. ಹಿಟ್ಟಿಗೆ ಬೀದಿಯ ಗಾಳಿ ತಗುಲಿದರೆ ಗಂಜಿ ಕೆಡುತ್ತದೆ, ಹಾಸೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತದೆ ಎಂದು ಮಾವನಿಗೆ ಅವನಪ್ಪ ಹೇಳಿದ್ದನಂತೆ. ಅವನಪ್ಪನಿಗೆ ಯಾರು ಹೇಳಿದರೋ. ಹೇಳಿದವರಲ್ಲಿ ಒಬ್ಬರೂ ಒನಕೆ ಹಿಡಿದವರಲ್ಲ.

ಒನಕೆ ಹಿಡಿದವಳು ನನ್ನ ಅತ್ತೆ ತಿಪ್ಪಮ್ಮ. ತವರು ಮೊಳಕಾಲ್ಮೂರು. ನಮ್ಮೊಡನೆ ಕನ್ನಡ, ಸಿಟ್ಟು ಬಂದಾಗ ತೆಲುಗು. ಅವಳಿಗೆ ಮದುವೆಯಾದ ಹೊಸದರಲ್ಲೇ ಉಬ್ಬಸ ಹತ್ತಿತ್ತು. ದೀಪಾವಳಿ ಹೊತ್ತಿಗೆ ಕುಟ್ಟುವ ಕೆಲಸ ಶುರುವಾದರೆ ಉಬ್ಬಸವೂ ಶುರು. ಯುಗಾದಿಗೆ ಕೆಲಸ ನಿಂತು ಹತ್ತು ಹದಿನೈದು ದಿನಕ್ಕೆ ಎದೆ ತಿಳಿಯಾಗುತ್ತಿತ್ತು. ವರ್ಷ ವರ್ಷ ಹಾಗೆಯೇ. ಹೀಗಾಗಿ ಮನೆಯವರಿಗೆ ಅದೊಂದು ರೋಗ ಅನ್ನಿಸಲೇ ಇಲ್ಲ, ಹಬ್ಬಕ್ಕೆ ಬಂದು ಹೋಗುವ ನೆಂಟನ ಹಾಗೆ ನೋಡುತ್ತಿದ್ದರು. "ಮುಟ್ಟು ನಿಂತ ಮ್ಯಾಲೆ ದಮ್ಮೂ ನಿಲ್ತೈತೆ ತಗಾ. ನಿನ್ ಜೊತೆಗೆ ಅದಕ್ಕೂ ವಯಸ್ಸಾಗಾಕಿಲ್ವಾ?" ಎಂದು ಕೇರಿಯ ಹೆಂಗಸರು ಸಮಾಧಾನ ಹೇಳುತ್ತಿದ್ದರು. ಅತ್ತೆಗೆ ಮುಟ್ಟು ನಿಂತಿತು. ದಮ್ಮು ನಿಲ್ಲಲಿಲ್ಲ. ಬರುವುದು ಬೇಗ, ಹೋಗುವುದು ನಿಧಾನವಾಯಿತು, ಅಷ್ಟೆ.

ನಾನು ಕುಟ್ಟಲು ಹತ್ತಿದ ಎರಡನೇ ಚಳಿಗಾಲಕ್ಕೆ ನನಗೂ ಬಂತು. ಒಂದು ಬೆಳಿಗ್ಗೆ ನನ್ನ ಎದೆಯಿಂದ ಸುಂಯ್ ಎಂದು ಸದ್ದು ಬಂದಾಗ ಅತ್ತೆ ಒನಕೆ ನಿಲ್ಲಿಸಿ ಕಿವಿಗೊಟ್ಟಳು.

"ಬಂತೇನೆ ಕೆಂಚಿ? ಬಾ, ಒಬ್ಬಳೇ ಸಿಳ್ಳೆ ಹೊಡ್ದು ನಂಗೂ ಬ್ಯಾಸರಾಗಿತ್ತು. ಇನ್ಮ್ಯಾಲೆ ಇಬ್ರೂ ಸೇರಿ ಹೊಡಿಯಾನ."

ಪಂಡಿತನೊಬ್ಬ ದತ್ತೂರಿ ಎಲೆಯ ಹೊಗೆ ಎಳೆಯಲು ಹೇಳಿದ. ನನಗೆ ಅದು ಅರೆಗಳಿಗೆಯಲ್ಲಿ ಎದೆ ಬಿಚ್ಚಿತು. ಅದೇ ಹೊಗೆ, ಅಷ್ಟೇ ಹೊಗೆ ಅತ್ತೆಗೆ ಕೊಟ್ಟರೆ ಗುಂಡಿಗೆ ದಡದಡ ಹೊಡೆದುಕೊಂಡು, ಬಾಯಿ ಒಣಗಿ, ಸತ್ತುಹೋದ ತನ್ನ ಅಜ್ಜಿಯ ಜೊತೆ ಮಾತಾಡತೊಡಗಿದಳು. ಮಾವ ಮತ್ತು ನನ್ನ ಗಂಡ ಹೊಸಿಲಲ್ಲಿ ನಿಂತು ನಕ್ಕರು. ಅದು ಮೊದಲನೆಯ ಗುರುತು. ಒಂದೇ ಮದ್ದು ಎರಡು ವಯಸ್ಸಿಗೆ ಎರಡು ಥರ ಹತ್ತುತ್ತದೆ ಎಂಬುದು ಅಲ್ಲೇ ಕಣ್ಣೆದುರಿಗಿತ್ತು. ಯಾರೂ ನೋಡಲಿಲ್ಲ.

ಆ ವರ್ಷ ದೀಪಾವಳಿ ಕಳೆದು ತಿಂಗಳಾಗಿತ್ತು. ಇಬ್ಬರಿಗೂ ಉಬ್ಬಸ ಚೆನ್ನಾಗಿ ಏರಿತ್ತು. ಅಷ್ಟರಲ್ಲಿ ಮಗ್ಗದ ಗುಣಿಯಲ್ಲಿ ಇಲಿ ಸತ್ತುಬಿದ್ದಿತು. ಮಾವ ಅದರ ಬಾಲ ಹಿಡಿದು ಎತ್ತಲೂ ಇಲ್ಲ, ನಾವು ಊರು ಬಿಟ್ಟಾಯಿತು. ಹೊಲದ ದಿಬ್ಬದ ಮೇಲೆ ಬಂದ್ರೆ ಗಿಡದ ಸೊಪ್ಪಿನ ಗೋಡೆ, ಸಜ್ಜೆ ದಂಟಿನ ಮಾಡು. ಗೋಡೆಯೆಂದರೆ ಹೆಸರಿಗೆ, ಗಾಳಿ ಈ ಕಡೆಯಿಂದ ಬಂದು ಆ ಕಡೆ ಹೋಗುತ್ತಿತ್ತು. ಕುರಿ ಕೂಡುವ ರೊಪ್ಪ ಪಕ್ಕದಲ್ಲೇ. ಮಲಗಿದರೆ ಕುರಿಯ ಉಸಿರು ಮುಖಕ್ಕೆ ತಾಗುವಷ್ಟು ಹತ್ತಿರ. ಮಗ್ಗ ಊರಲ್ಲೇ ಉಳಿಯಿತು. ಒನಕೆ, ಒರಳು, ಬೀಜದ ಮೂಟೆ ಎಲ್ಲವೂ ಒಳಕೋಣೆಯಲ್ಲೇ ಉಳಿದವು.

ಊರಲ್ಲಿ ಉಳಿದವರು ಸಾಯುತ್ತಿದ್ದ ಕಾಲದಲ್ಲಿ ಹೀಗೆ ಹೇಳಬಾರದು, ಆದರೆ ಆ ಚಳಿಗಾಲದಷ್ಟು ಒಳ್ಳೆಯ ಚಳಿಗಾಲ ನನಗೆ ಆ ಮನೆಯಲ್ಲಿ ಮತ್ತೆ ಸಿಗಲಿಲ್ಲ. ಎರಡು ವಾರಕ್ಕೆ ನನ್ನ ಸಿಳ್ಳೆ ನಿಂತಿತು. ತಿಂಗಳಿಗೆ ದಿಬ್ಬ ಓಡಿ ಹತ್ತುತ್ತಿದ್ದೆ. ಕುರಿಯಿಂದ ಬಂದ ರೋಗವಾಗಿದ್ದರೆ ಅಲ್ಲಿ ಹೆಚ್ಚಾಗಬೇಕಿತ್ತು. ಚಳಿಯಿಂದ ಬಂದದ್ದಾಗಿದ್ದರೆ ಆ ಬಯಲಲ್ಲಿ ಸತ್ತೇ ಹೋಗಬೇಕಿತ್ತು. ಉಳಿದದ್ದು ಬೀಜ. ಆಗ ಓದು ಬರಹ ಅಷ್ಟಕ್ಕಷ್ಟೇ ಇದ್ದ ನನಗೇ ಇದು ತಿಳಿಯಿತು. ಗಂಡನಿಗೆ ಹೇಳಿದೆ. "ಅಪ್ಪಂಗೆ ಹೇಳಾಕಾಗ್ತದಾ?" ಎಂದು ಮಗ್ಗುಲು ಬದಲಿಸಿದ. ಅವನ ಕತೆ ಇಷ್ಟೇ, ಮುಂದೆ ಅವನನ್ನು ಹುಡುಕಬೇಡಿ.

ಅತ್ತೆಗೂ ಕಡಿಮೆಯಾಯಿತು, ಆದರೆ ಅರ್ಧ. ಮೊದಲಾದರೆ ಕುಟ್ಟುವುದು ನಿಂತ ಮೇಲೆ ಎದೆ ಪೂರ್ತಿ ತಿಳಿಯಾಗುತ್ತಿತ್ತಲ್ಲ, ಈ ಸಲ ಆಗಲಿಲ್ಲ. ಸದ್ದು ಹೋಯಿತು, ಏದುಸಿರು ಉಳಿಯಿತು. ಕಫ ಎದೆಯಲ್ಲೇ ಇದೆ ಎಂದು ಗೊತ್ತಾಗುತ್ತಿತ್ತು, ಕೆಮ್ಮಿ ಹೊರಹಾಕಲು ಪಕ್ಕೆಯಲ್ಲಿ ಕಸುವಿಲ್ಲ. ಅದಕ್ಕಿಂತ ಕೆಟ್ಟದ್ದು, ಅವಳಿಗೇ ಅದರ ಅರಿವು ಮಂದವಾಗಿತ್ತು. ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದರೂ "ನಂಗೇನಾಗೈತೆ?" ಎನ್ನುತ್ತಿದ್ದಳು. ನನಗೆ ಚೂರು ಬಿಗಿದರೂ ಎದ್ದು ಕೂರುತ್ತಿದ್ದೆ, ಅವಳು ಪೂರ್ತಿ ಬಿಗಿದರೂ ರೊಟ್ಟಿ ತಟ್ಟುತ್ತಿದ್ದಳು. ಮಾವನಿಗೆ ಇದೂ ಅನುಕೂಲವೇ ಆಯಿತು. ಬಾಯಿಬಿಟ್ಟು ಹೇಳದಿದ್ದರೆ "ಅವಳೇ ಏನಿಲ್ಲ ಅಂತಾಳೆ", ಕುಳಿತರೆ "ಸೋಗು".

ಶಿವರಾತ್ರಿಯ ಹೊತ್ತಿಗೆ ಊರಿಗೆ ಮರಳಬಹುದು ಎಂದಾಯಿತು. ಕುರಿಗಾರರಿಗೆ ಮಳೆಗೆ ಮುಂಚೆ ಕಂಬಳಿ ಕೊಡಬೇಕು, ಚಳಿಗಾಲದ ನೇಯ್ಗೆಯೆಲ್ಲ ಬಾಕಿ. ಮಾವ ಅದೇ ಚಿಂತೆಯಲ್ಲಿದ್ದ. ಆಗ ಅತ್ತೆಯ ತಮ್ಮ ಓಬಣ್ಣ ಮೊಳಕಾಲ್ಮೂರಿನಿಂದ ಗಾಡಿ ಕಟ್ಟಿಕೊಂಡು ಬಂದ. ರಾಂಪುರದ ಕಡೆಗೆ ಬಾಡಿಗೆ ಗಾಡಿ ಹೊಡೆಯುವವನು, ಕಡಿಮೆ ಮಾತಿನವನು. ಗಾಡಿಯೊಳಗೆ ದಪ್ಪಗೆ ಹುಲ್ಲು ಹರಡಿ, ಅದರ ಮೇಲೆ ಕೌದಿ ಹಾಸಿ, ಒರಗಲು ಒಂದು ಮೂಟೆಯನ್ನೂ ಇಟ್ಟು ತಂದಿದ್ದ. ಅಕ್ಕನಿಗೆ ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಭಾವ, ಅಕ್ಕನ್ನ ಕರ್ಕೊಂಡು ಹೋಗ್ತೀನಿ. ಒಂದು ವರ್ಸ ಇರ್ಲಿ, ಆಮ್ಯಾಲೆ ನಾನೇ ತಂದು ಬಿಡ್ತೀನಿ."

"ಯಾಕೆ, ಇಲ್ಲೇನು ಉಪಾಸ ಕೆಡವಿದೀವಾ?"

"ಊಟದ ಮಾತಲ್ಲ ಭಾವ. ಉಸ್ರು."

"ಉಸ್ರು ಎಲ್ಲಾ ಕಡೀಗೂ ಒಂದೇ ಕಣಲೇ. ನಿಮ್ಮ ಮೊಳಕಾಲ್ಮೂರಾಗೆ ಅದಕ್ಕೇನು ಸಕ್ರೆ ಬೆರೆಸ್ತಾರಾ?"

ಅಕ್ಕಪಕ್ಕದ ಗುಡಿಸಲುಗಳವರು ಹೊರಗೆ ಬಂದಿದ್ದರು. ಪ್ಲೇಗಿನ ಭಯದಲ್ಲಿ ಕೂತು ಕೂತು ಬೇಸತ್ತವರಿಗೆ ಜಗಳವೊಂದು ಸಿಕ್ಕಿತ್ತು. ಮಾವ ಹೊಡೆಯುವ ಬಡಿಯುವ ಮನುಷ್ಯನಲ್ಲ, ನಾಲ್ಕು ಜನರೆದುರು ತನ್ನ ಮಾತೇ ಸರಿಯೆಂದು ತೋರಿಸಬೇಕೆನ್ನುವ ಮನುಷ್ಯ. ಹಾಗಾಗಿ ಒಂದು ಪರೀಕ್ಷೆ ಒಡ್ಡಿದ. ದಿಬ್ಬದ ಕೆಳಗೆ ಹಳ್ಳದ ಮರಳಲ್ಲಿ ತೋಡಿದ ಚಿಲುಮೆಯಿಂದ ನಾನೂ ಅತ್ತೆಯೂ ಒಂದೊಂದು ಕೊಡ ನೀರು ತರಬೇಕು, ಎಲ್ಲರೂ ನೋಡಬೇಕು.

ನಾನು ತಂದೆ. ದಿನವೂ ತರುವಂತೆಯೇ ತಂದೆ. ಬೇಕೆಂದೇ ನಡುವೆ ಕುಳಿತು ಅತ್ತೆಯ ಮಾನ ಉಳಿಸಬಹುದಿತ್ತಲ್ಲ ಎಂದು ಈಗ ಯಾರಾದರೂ ಅಂದರೆ, ಅವರಿಗೆ ನಮ್ಮ ಮಾವ ಗೊತ್ತಿಲ್ಲ. ಇಬ್ಬರದೂ ಸೋಗು ಎನ್ನುತ್ತಿದ್ದ, ಅಷ್ಟೇ.

ಅತ್ತೆ ಅರ್ಧ ಕೊಡ ತುಂಬಿದಳು. ಕಾಲುದಾರಿ ಹತ್ತತೊಡಗಿದಳು. ಒಂದು ಕಡೆ ನಿಂತಳು, ಮತ್ತೆ ಹತ್ತಿದಳು. ಆಮೇಲೆ ಕೊಡವನ್ನು ಕಲ್ಲಿನ ಮೇಲೆ ಇಟ್ಟು, ಎರಡೂ ಕೈ ಮಂಡಿಗೆ ಊರಿ, ಭುಜ ಕಿವಿಯವರೆಗೆ ಏರಿಸಿಕೊಂಡು ಕುಳಿತಳು. ಎಳೆದ ಗಾಳಿ ಒಳಗೆ ಹೋಗುತ್ತಿದ್ದದ್ದು ಕಾಣುತ್ತಿತ್ತು, ಹೊರಗೆ ಬರುತ್ತಿದ್ದದ್ದು ಕಾಣುತ್ತಿರಲಿಲ್ಲ.

"ನೋಡ್ರಪ್ಪಾ," ಎಂದ ಮಾವ. "ಇಬ್ರೂ ಕುಟ್ಟಿದ್ದು ಒಂದೇ ಬೀಜ. ಇಬ್ರೂ ಕುಡಿದಿದ್ದು ಇದೇ ಗಾಳಿ. ಕೆಂಚಿಗೆ ಬಿಟ್ಟಿದ್ದು ಇವಳಿಗ್ಯಾಕೆ ಬಿಡಲಿಲ್ಲ? ತಮ್ಮನ ಗಾಡಿ ಕಂಡ ಕೂಡ್ಲೆ ದಮ್ಮು ಬಂದೈತೆ!"

ಗಂಡನ ಮುಖ ನೋಡಿ ಮಾತಾಡುವ ರೂಢಿ ಅವಳಿಗಿರಲಿಲ್ಲ. ಉಸಿರು ಕೂಡಿಸಿಕೊಂಡು ತಮ್ಮನಿಗೆ ಹೇಳಿದಳು:

"ಓಬಾ, ನಿಮ್ ಭಾವಂಗೆ ಕೇಳು. ಹಲ್ಲು ಸವೆದ ಎತ್ತನ್ನೂ ಮೊನ್ನೆ ಮೊನ್ನೆ ಪಳಗಿದ ಹೋರೀನೂ ಒಂದೇ ನೊಗಕ್ಕೆ ಕಟ್ಟಿ, ಎರಡೂ ಯಾಕೆ ಒಂದೇ ಸಮ ಎಳೆಯಾಕಿಲ್ಲ ಅಂತಾರಲ್ಲ, ಅವರು ಯಾವತ್ತಾದ್ರೂ ಆರು ಕಟ್ಟಿ ಹೊಲ ಉತ್ತೌರೇನು?"

ಜನ ಗೊಳ್ಳೆಂದು ನಕ್ಕರು. ಅದೇ ಅತ್ತೆಗೆ ಮುಳುವಾಯಿತು. ಜನ ನಗದಿದ್ದರೆ ಮಾವ ಒಂದೆರಡು ಮಾತು ಗೊಣಗಿ ಕಳಿಸುತ್ತಿದ್ದನೇನೋ. ನಕ್ಕ ಮೇಲೆ ಮುಗಿಯಿತು.

"ಹೋಗೋದಾದ್ರೆ ಹೋಗ್ಲಿ. ತಿರುಗಿ ನನ್ನ ಹೊಸಿಲು ಮೆಟ್ಟಬಾರದು," ಎಂದ.

"ರಾ ಅಕ್ಕಾ, ಪೋದಾಂ," ಎಂದ ಓಬಣ್ಣ, ಬಾ ಹೋಗೋಣ ಎಂದು ತೆಲುಗಿನಲ್ಲಿ. ಅತ್ತೆ ಗಾಡಿಯ ಕಡೆ ನೋಡಿದಳು, ಹುಲ್ಲಿನ ಮೇಲಿನ ಕೌದಿ ನೋಡಿದಳು. ಐವತ್ತು ದಾಟಿದ ಹೆಂಗಸು, ಗಂಡ ಹೊರಗೆ ಹಾಕಿದ ಎಂಬ ಮಾತು ಹೊತ್ತುಕೊಂಡು ತಮ್ಮನ ಹೆಂಡತಿಯ ಅಡುಗೆಮನೆಗೆ ಹೋಗಬೇಕು. "ಒದ್ದುರಾ," ಎಂದಳು, ಬೇಡವೋ ಎಂದು. ಓಬಣ್ಣ ಎತ್ತು ತಿರುಗಿಸಿದ. ಗಾಡಿಯೊಳಗಿನ ಕೌದಿಯನ್ನು ಮಡಿಸದೆ ಹಾಗೆಯೇ ಹೋದ.

ಈಗ ನನಗೆ ಔಷಧಿ ಕೊಡುವ ಡಾಕ್ಟರು ಮೊನ್ನೆ ಬೆರಳಲ್ಲಿ ಎದೆ ತಟ್ಟುತ್ತಾ ಹೇಳಿದರು: ವಯಸ್ಸಾದಂತೆ ಎದೆಗೂಡು ಬಿಗಿಯುತ್ತದಂತೆ, ಒಳಗಿನ ಶ್ವಾಸಕೋಶ ಹಳೆಯ ರವಿಕೆಯ ಹಾಗೆ ಎಳೆತ ಕಳೆದುಕೊಳ್ಳುತ್ತದಂತೆ. ಧೂಳಿಗೆ ಕೆರಳಿದ ಎದೆ ಚಿಕ್ಕ ವಯಸ್ಸಲ್ಲಿ ಧೂಳು ಹೋದರೆ ತಾನೂ ಸರಿಹೋಗುತ್ತದೆ. ವರ್ಷಗಟ್ಟಲೆ ಕೆರಳಿ ಕೆರಳಿ ಮುಪ್ಪಾದದ್ದು ಧೂಳು ಹೋದರೂ ಮೊದಲಿನಂತಾಗುವುದಿಲ್ಲ. ಇಷ್ಟು ಹೇಳಲು ಅವರಿಗೆ ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ಆ ದಿಬ್ಬದ ಮೇಲೆ ಅಷ್ಟು ಜನವಿದ್ದರು. ಮನೆಯಲ್ಲಿ ಮುದಿ ಎತ್ತು, ಮುದಿ ನಾಯಿ ಸಾಕಿದವರು. ಮುದಿ ಹೆಂಗಸಿನ ಎದೆಯೊಂದು ಮಾತ್ರ ಅವರಿಗೆ ಮೊದಲಿನಂತೆಯೇ ಇರಬೇಕಿತ್ತು.

ಊರಿಗೆ ಮರಳಿದೆವು. ಬಾಕಿ ನೇಯ್ಗೆ ತೀರಿಸಲು ಬೇಸಿಗೆಯೆಲ್ಲ ಕುಟ್ಟಿದೆವು, ಬಾಗಿಲು ಹಾಕಿಕೊಂಡು, ಗೋಣಿ ತುರುಕಿಕೊಂಡು. ನನ್ನ ಉಬ್ಬಸ ಬಂತು, ಹೋಯಿತು, ಬಂತು. ಅತ್ತೆಯದು ಬಂದು ಕುಳಿತುಬಿಟ್ಟಿತು. ಎದೆ ಕೊಡದ ಹಾಗೆ ಉಬ್ಬಿ ಹಾಗೆಯೇ ನಿಂತಿತು, ಕತ್ತಿನ ನರ ಹಗ್ಗವಾಯಿತು. ರವಿಕೆಯ ಗಂಟು ಹಾಕಿಕೊಳ್ಳುವ ಕೆಲಸಕ್ಕೂ ನಡುವೆ ಸುಧಾರಿಸಿಕೊಳ್ಳಬೇಕಾಗಿತ್ತು. ಮುಂಗಾರು ಬೀಳುವ ಹೊತ್ತಿಗೆ ಒನಕೆ ಎತ್ತುವುದು ಅವಳ ಕೈಲಾಗಲಿಲ್ಲ.

ಆಗ ಮಾವನೇ ಮೊಳಕಾಲ್ಮೂರಿಗೆ ಹೇಳಿಕಳಿಸಿದ, ಬಂದು ಕರೆದುಕೊಂಡು ಹೋಗು ಎಂದು. ಹೊಸಿಲಿನ ಮಾತು ಅವನಿಗೆ ನೆನಪಿರಲಿಲ್ಲ, ಯಾರೂ ನೆನಪಿಸಲೂ ಇಲ್ಲ. ಓಬಣ್ಣ ಬಂದ. ಅವಳನ್ನು ಗಾಡಿ ಹತ್ತಿಸಲು ಇಬ್ಬರು ಬೇಕಾದರು. ಭಾರಕ್ಕಲ್ಲ, ಭಾರವೇನೂ ಉಳಿದಿರಲಿಲ್ಲ. ಅವಳನ್ನು ಮಲಗಿಸದೆ ಕೂತ ಹಾಗೆಯೇ ಎತ್ತಬೇಕಿತ್ತು.

ಕುಟ್ಟುವುದು ಪೂರ್ತಿ ನನ್ನ ಪಾಲಿಗೆ ಬಂತು. ಮೊದಲ ದಿನವೇ ಒರಳನ್ನು ಉರುಳಿಸಿಕೊಂಡು ಅಂಗಳಕ್ಕೆ ತಂದೆ. ಗಾಳಿ ಬೀಸುತ್ತಿತ್ತು, ಅರ್ಧ ಹಿಟ್ಟು ಹಾರಿತು. ಮಾವ ಕೂಗಾಡಿದ, ಅವನಪ್ಪನ ಹೆಸರು ತೆಗೆದ.

"ಒಳೀಕೆ ಕುಟ್ಟಬೇಕಂದ್ರೆ ಮಗ್ಗ ಬಿಟ್ಟು ನೀವೇ ಕುಟ್ರಿ," ಎಂದೆ.

ಕುಟ್ಟಿದೆ, ಕುದಿಸಿದೆ, ಹಾಸಿನ ನೂಲಿಗೆ ಬಳಿದರು. ಗಂಜಿ ಕೆಡಲಿಲ್ಲ. ಒಂದು ನೂಲೂ ಅಂಟಿಕೊಳ್ಳಲಿಲ್ಲ.

ಕಂಬಳಿ ಮಾರಲು ರಾಂಪುರದ ಕಡೆ ಹೋಗುವ ಗಾಡಿಯಲ್ಲಿ ಮೊಳಕಾಲ್ಮೂರಿಗೆ ಹೋಗಿ ಅತ್ತೆಯನ್ನು ನೋಡಿದೆ. ಬೆಟ್ಟದ ಬುಡದಲ್ಲಿ ಮನೆ, ಬೀದಿಯ ಎರಡೂ ಕಡೆ ರೇಷ್ಮೆ ಸೀರೆಯ ಮಗ್ಗಗಳ ಲಟಪಟ. ಉಣ್ಣೆಯಿಲ್ಲ, ಬೀಜವಿಲ್ಲ, ಒಳ್ಳೆಯ ಗಾಳಿ. ಜಗಲಿಯಲ್ಲಿ ಮುಂದಕ್ಕೆ ಬಾಗಿ ಮಂಡಿಗೆ ಕೈಯೂರಿ ಕುಳಿತಿದ್ದಳು. ಗಾಳಿ ಮುಖದ ಮೇಲೆಯೇ ಆಡುತ್ತಿತ್ತು, ಒಳಗೆ ತೆಗೆದುಕೊಳ್ಳಲು ಎದೆಯಲ್ಲಿ ಜಾಗವಿರಲಿಲ್ಲ.

"ನಿಂದು ಹೆಂಗೈತೆ?" ಎಂದು ನನ್ನ ಎದೆ ತೋರಿಸಿದಳು.

"ಬಂದು ಹೋಗ್ತೈತೆ."

"ನಂದೂ ಬಂದು ಹೋಗ್ತಿತ್ತು." ಸ್ವಲ್ಪ ಸುಧಾರಿಸಿಕೊಂಡು, "ಬೀಜ?" ಎಂದಳು.

"ಅಂಗಳದಾಗೆ ಕುಟ್ತೀನಿ ಅತ್ತೆ. ಬಯಲಾಗೆ."

"ಗಂಜಿ ಕೆಡ್ಲಿಲ್ವಾ?"

"ಇಲ್ಲ."

"ಹಾಸು ಅಂಟಲಿಲ್ವಾ?"

"ಇಲ್ಲ ಅತ್ತೆ. ಏನೂ ಆಗಲಿಲ್ಲ."

ಅವಳು ಬೀದಿ ನೋಡುತ್ತಾ ಕುಳಿತಳು. ನಾನು ಹೇಳಬಾರದಿತ್ತು ಎಂದೇನೂ ಅಲ್ಲ, ಕೇಳಿದಳು, ಹೇಳಿದೆ. ಅವಳ ಬಾಯಿ ಒಂದು ಸಲ ತೆರೆಯಿತು. ಮಾತಿಗೋ, ಉಸಿರಿಗೋ ಗೊತ್ತಾಗಲಿಲ್ಲ. ಆಮೇಲೆ ತೆಲುಗಿನಲ್ಲಿ ತನ್ನಷ್ಟಕ್ಕೆ ಏನೋ ಅಂದಳು. ನಾನು ಹೊರಡುವವರೆಗೂ ಮತ್ತೆ ಕನ್ನಡ ಆಡಲಿಲ್ಲ.

ಚಳಿ ಹಿಡಿದ ಮೊದಲ ವಾರಗಳಲ್ಲಿ ಹೋದಳು. ಒಂದು ನೆಗಡಿ ಬಂದಿತ್ತಂತೆ, ಎಲ್ಲರಿಗೂ ಬರುವಂಥ ನೆಗಡಿ.

ಮಣ್ಣು ಮಾಡಿ ಊರಿಗೆ ಬಂದ ಮೇಲೆ ಮಾತಾಡಿಸಲು ಜನ ಬಂದರು. ಪಡಸಾಲೆ ತುಂಬಿತ್ತು. ನಾನು ಕಂಬದ ಬಳಿ ನಿಂತು ನೀರಿನ ಚೊಂಬು ಕೊಡುತ್ತಿದ್ದೆ. ಮಾವ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ:

"ಇಲ್ಲಿದ್ದಾಗ ನೆಟ್ಟಗಿದ್ಲು ಕಣ್ರಪ್ಪಾ. ಅಲ್ಲಿಗೆ ಹೋಗಿ ಕೆಟ್ಲು. ಮೊಳಕಾಲ್ಮೂರಿನ ನೀರು ಒಗ್ಗಲಿಲ್ಲ."

ಬಂದವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ದಿಬ್ಬದ ಮೇಲೆ ಗೊಳ್ಳೆಂದು ನಕ್ಕವರೂ ಅವರಲ್ಲಿದ್ದರು. ಮೂರನೆಯವರಿಗೋ ನಾಲ್ಕನೆಯವರಿಗೋ ಅದೇ ಮಾತು ಬಂದಾಗ ನನಗೆ ತಡೆಯಲಾಗಲಿಲ್ಲ.

"ನೀರಲ್ಲ ಮಾವ. ಬೀಜ."

ಮಾವ ಟವಲು ಕೆಳಗಿಳಿಸಿದ. ಅವನಿಗೆ ಸಿಟ್ಟು ಬಂದಿರಲಿಲ್ಲ, ಅದೇ ನನಗೆ ಇವತ್ತಿಗೂ ಉರಿಯುವುದು. ನಿಜವಾಗಿಯೂ ತಿಳಿಯದವನ ಹಾಗೆ, ನ್ಯಾಯವಾದ ಪ್ರಶ್ನೆಯೊಂದನ್ನು ಕೇಳುವವನ ಹಾಗೆ ಕೇಳಿದ:

"ಬೀಜ ಆದ್ರೆ ನೀನೂ ಕುಟ್ಟಿದೀಯಲ್ಲ. ನೀನ್ಯಾಕೆ ಸಾಯಲಿಲ್ಲ?"

ಎಲ್ಲರೂ ನನ್ನ ಕಡೆ ತಿರುಗಿದರು. ಕೆಂಪಗಿದ್ದೆ, ಗಟ್ಟಿಯಾಗಿದ್ದೆ, ತುಂಬಿದ ಚೊಂಬನ್ನು ಒಂದೇ ಕೈಯಲ್ಲಿ ಹಿಡಿದಿದ್ದೆ.

"ನಂಗಿನ್ನೂ ವಯಸ್ಸಾಗಿಲ್ಲ ಮಾವ," ಎಂದೆ.

ಮಾವ, ಇವಳು ಏನೂ ಹೇಳಲಿಲ್ಲ ಎಂಬಂತೆ ಮುಂದಿನವರ ಕಡೆ ತಿರುಗಿ ನೀರು ಒಗ್ಗಲಿಲ್ಲ ಎಂದು ಮತ್ತೆ ಶುರುಮಾಡಿದ.

ಈಗ ನನಗೂ ವಯಸ್ಸಾಗಿದೆ.